ಫರ್ಬರ್ಟರ ತೊಟ್ಟಿಯ ನೀರು

ಅರವತ್ತಾರು ತುಂಬಿದರೂ ಎಲ್ಡನ್ ಫರ್ಬರ್ಟರು ಅತಿಥಿಗಳಿಗೆ ತಿಂಡಿ ಬಡಿಸುವುದು ನಮ್ಮ ಬರ್ಮುಡಾದ ಗೌರವದ ಉಡುಪಾದ ಕೋಟು, ಟೈ, ಇಸ್ತ್ರಿ ಮಾಡಿದ ಚಡ್ಡಿ, ಮೊಣಕಾಲಿನವರೆಗೆ ಎಳೆದ ಕಾಲುಚೀಲ ಹಾಕಿಕೊಂಡೇ. ನಾಲ್ಕು ಕೋಣೆಯ ಅತಿಥಿಗೃಹಕ್ಕೆ ಇಷ್ಟು ಠೀವಿ ಯಾಕೆಂದು ಕೇಳಿದರೆ, ಬ್ರಿಟಿಷ್ ಗವರ್ನರೊಬ್ಬರು ಅಪ್ಪನ ಕಾಲದಲ್ಲಿ ಇಲ್ಲಿ ಕೂತು ಚಹಾ ಕುಡಿದಿದ್ದನ್ನು ಹೇಳುತ್ತಾರೆ. ಗವರ್ನರ ಕಾರು ಕೆಟ್ಟು ಗೇಟಿನ ಮುಂದೆ ನಿಂತಿತ್ತು ಎಂಬುದನ್ನು ಹೇಳುವವರು ಅವರ ಹೆಂಡತಿ ಐಯಾಂತಿ.

ಈ ದ್ವೀಪದಲ್ಲಿ ನದಿಯಿಲ್ಲ. ಸುಣ್ಣ ಬಳಿದ ಛಾವಣಿಯ ಮೇಲೆ ಬಿದ್ದ ಮಳೆ ಮನೆಯಡಿಯ ತೊಟ್ಟಿಗೆ ಇಳಿದರೆ ಅದೇ ನಮ್ಮ ಸ್ನಾನ, ಅದೇ ನಮ್ಮ ಚಹಾ. ಫರ್ಬರ್ಟರು ದಿನಾ ಬೆಳಿಗ್ಗೆ ತೊಟ್ಟಿಗೆ ಕೋಲು ಇಳಿಸಿ, ತಿಂಡಿಯ ಮೇಜಿನ ತುದಿಯಲ್ಲಿ ನಿಂತು ಅಳತೆ ಸಾರುತ್ತಿದ್ದರು. "ಇವತ್ತು ಎರಡಡಿ ಮೂರಿಂಚು," ಎಂದು ಹೇಳಿ ಅವರು ಬಿಡುವ ನಿಟ್ಟುಸಿರಿಗೆ ಅತಿಥಿಗಳ ಕೈಯ ಟೋಸ್ಟ್ ಅಲ್ಲೇ ನಿಲ್ಲುತ್ತಿತ್ತು.

ಅತಿಥಿಗಳಾದರೂ ಎಷ್ಟು ಮಂದಿ? ಹಳಬರೆಲ್ಲ ಒಬ್ಬೊಬ್ಬರಾಗಿ ದೊಡ್ಡ ಹೋಟೆಲುಗಳಿಗೆ ಜಾರಿದ್ದರು. ತಪ್ಪದೆ ಬರುತ್ತಿದ್ದವರು ಕೆನಡಾದ ಲೂನೆನ್‌ಬರ್ಗಿನ ಮಿಸ್ ಕಾರ್ಕಮ್ ಒಬ್ಬರೇ. ನಿವೃತ್ತ ಶಾಲಾ ಟೀಚರು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಮೇ ತಿಂಗಳ ಮೂರು ವಾರ, ಅದೇ ಕೋಣೆ. "ಅವರು ಬರೋದು ನಿಲ್ಲಿಸಿದ ದಿನ ಬೋರ್ಡ್ ಇಳಿಸಿಬಿಡ್ತೀನಿ," ಎಂದು ಫರ್ಬರ್ಟರು ಹೆಂಡತಿಗೆ ಹೇಳಿಬಿಟ್ಟಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ. ಅದೇ ಕಷ್ಟ.

ಈ ವರ್ಷ ಮಳೆ ತಡವಾಯಿತು. ಮಿಸ್ ಕಾರ್ಕಮ್ ಬಂದ ನಾಲ್ಕನೇ ದಿನದಿಂದ ತಿಂಡಿಯಾದ ಕೂಡಲೇ ಚೀಲ ಹಿಡಿದು ಬಸ್ಸು ಹತ್ತುವುದು, ಮಧ್ಯಾಹ್ನ ಒದ್ದೆ ತಲೆಯಲ್ಲಿ, ಸೋಪಿನ ವಾಸನೆಯೊಂದಿಗೆ ಮರಳುವುದು ಶುರುವಾಯಿತು. ಆ ಬಸ್ಸಿನ ಡ್ರೈವರ್ ನಾನು, ಫರ್ಬರ್ಟರ ಪಕ್ಕದ ಮನೆಯವನು. ಫರ್ಬರ್ಟರು ನನ್ನನ್ನು ಬೇಲಿಯ ಹತ್ತಿರ ತಡೆದರು.

"ವಿನ್ಸ್ಲೋ, ಆಕೆ ಎಲ್ಲಿ ಇಳೀತಾರೆ?"

"ದೊಡ್ಡ ಬೀಚಿನ ಸ್ಟಾಪಲ್ಲಿ."

"ಹೋಟೆಲ್ ಗೇಟೂ ಅಲ್ಲೇ ಅಲ್ವೇನೋ?"

"ಅಲ್ಲೇ."

"ಮುಗೀತು. ಮುಂದಿನ ವರ್ಷದ ರೂಮು ನೋಡ್ತಾ ಇದಾರೆ."

"ಹೋಗಿ ಅವರನ್ನೇ ಕೇಳಬಾರ್ದಾ?" ಎಂದರು ಒಳಗಿಂದ ಐಯಾಂತಿ. "ಬಾಯಿಗೂ ಕಾಲುಚೀಲ ಹಾಕ್ಕೊಂಡಿದೀರಾ?"

ಕೇಳುವುದು ಘನತೆಗೆ ಕುಂದು. ಹಿಂಬಾಲಿಸುವುದು ಕುಂದಲ್ಲ. ಮರುದಿನ ಫರ್ಬರ್ಟರು ಒಂದು ಸ್ಟಾಪ್ ಮುಂದೆ ನಡೆದುಹೋಗಿ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ನನ್ನ ಬಸ್ಸು ಹತ್ತಿದರು. ಮಿಸ್ ಕಾರ್ಕಮ್ ಮುಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದರು. ಉಪಾಯವೇನೋ ಚೆನ್ನಾಗಿತ್ತು, ಆದರೆ ನಮ್ಮೂರಿನ ಬಸ್ಸಿಗೆ ಹತ್ತಿದವರು ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಲೇಬೇಕು. ಹೇಳದವನನ್ನು ಕಳ್ಳನಿಗಿಂತ ಕಡೆಯಾಗಿ ಕಾಣುತ್ತಾರೆ. ಅರವತ್ತಾರು ವರ್ಷದ ಅಭ್ಯಾಸ, ಪತ್ರಿಕೆಯ ಹಿಂದಿನಿಂದಲೇ ಗಟ್ಟಿಯಾಗಿ ಹೊರಬಿತ್ತು: "ಗುಡ್ ಮಾರ್ನಿಂಗ್!"

"ಗುಡ್ ಮಾರ್ನಿಂಗ್, ಮಿಸ್ಟರ್ ಫರ್ಬರ್ಟ್," ಎಂದಿತು ಇಡೀ ಬಸ್ಸು.

ಮಿಸ್ ಕಾರ್ಕಮ್ ತಿರುಗಿ ನೋಡಿದರು. "ನೀವೂ ಬೀಚಿಗಾ?"

ಪತ್ರಿಕೆ ಕೆಳಗಿಳಿಯಿತು. "ಇಲ್ಲ... ಹೋಟೆಲಿನ ರೂಮು ನಿಮಗೆ ಹಿಡಿಸ್ತಾ ಅಂತ ಕೇಳೋಣ ಅಂತ."

"ಯಾವ ಹೋಟೆಲು? ನಾನು ಬೀಚಲ್ಲಿ ಸ್ನಾನ ಮಾಡೋಕೆ ಹೋಗ್ತಿದೀನಿ. ಅಲ್ಲಿ ಸರ್ಕಾರದ ಶವರ್ ಇದೆ. ನೀವು ದಿನಾ ಅಳತೆ ಹೇಳಿ ಉಸಿರು ಬಿಡ್ತೀರಿ. ನಿಮ್ಮ ಮನೆ ನೀರು ಮುಟ್ಟೋಕೆ ನನಗೆ ಮನಸ್ಸು ಬರಲಿಲ್ಲ."

ಎದುರಿನ ಸೀಟಿನ ಮುದುಕಿ ಮಿಸೆಸ್ ಟ್ರಾಟ್ ಹೆಣಿಗೆ ನಿಲ್ಲಿಸಿದಳು. ನಾನು ವೇಗ ತಗ್ಗಿಸಿದೆ.

ಫರ್ಬರ್ಟರ ಕಿವಿ ಕೆಂಪಾಯಿತು. "ಆ ಕೋಲಿನ ಸೊನ್ನೆಯ ಗೆರೆಯೇ ತುದಿಯಿಂದ ಒಂದಡಿ ಮೇಲಿದೆ. ನಾನು ಹೇಳೋದಕ್ಕಿಂತ ಯಾವಾಗ್ಲೂ ಒಂದಡಿ ನೀರು ಜಾಸ್ತಿನೇ ಇರುತ್ತೆ. ಅತಿಥಿಗಳು ಹೆದರ್ಕೊಂಡು ನೀರು ಕಡಿಮೆ ಬಳಸಲಿ ಅಂತ ನಮ್ಮಪ್ಪ ಹಾಗೆ ಗೆರೆ ಎಳೆದಿದ್ರು. ನಾನೂ ಅಳಿಸಲಿಲ್ಲ."

"ಅಂದ್ರೆ ಹತ್ತೊಂಬತ್ತು ವರ್ಷದಿಂದ ನಾನು ಚೊಂಬು ಲೆಕ್ಕದಲ್ಲಿ ಸ್ನಾನ ಮಾಡ್ತಿರೋದು..."

"ಹೌದು ಮಿಸ್ ಕಾರ್ಕಮ್."

"ನಿಮ್ಮ ಮನೇದು ಒಂದೇ ಅಡಿನಾ?" ಎಂದಳು ಮಿಸೆಸ್ ಟ್ರಾಟ್. "ನನ್ನ ಗಂಡ ಒಂದೂವರೆ ಅಡಿ ಬಿಟ್ಟು ಎಳೆದಿದ್ದ." ಬಸ್ಸು ಗೊಳ್ಳೆಂದಿತು. ಮಿಸ್ ಕಾರ್ಕಮ್ ನಗಬಾರದೆಂದು ತುಟಿ ಬಿಗಿದು, ಸೋತರು.

"ಮುಂದಿನ ಮೇ ತಿಂಗಳಿಗೂ ಅದೇ ಕೋಣೆ ಇಡಿ," ಎಂದರು, ಕಣ್ಣೊರೆಸಿಕೊಂಡು. "ಇವತ್ತು ಮಾತ್ರ ಟಬ್ಬು ತುಂಬಿಸ್ಕೊಂಡು ಕೂರ್ತೀನಿ. ಕುತ್ತಿಗೆವರೆಗೂ."

"ಕೂತ್ಕೊಳಿ. ಮಧ್ಯಾಹ್ನದವರೆಗೂ ಕೂತ್ಕೊಳಿ," ಎಂದರು ಫರ್ಬರ್ಟರು. ಅವರು ಬಿಟ್ಟ ಉಸಿರಿಗೆ ಈ ಸಲ ಅಳತೆಯಿರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು, ತಿರುಗಿ ಹೋಗುವ ಬಸ್ಸಿಗೆ. ಫರ್ಬರ್ಟರು ಮೆಟ್ಟಿಲ ಮೇಲೆ ನಿಂತು ನನ್ನತ್ತ ಬಗ್ಗಿದರು. "ಬಸ್ಸಲ್ಲಿ ಆದ ಮಾತು ಬಸ್ಸಲ್ಲೇ ಇರಲಿ, ವಿನ್ಸ್ಲೋ."

ಆಗಲಿ ಎಂದೆ. ಕನ್ನಡಿಯಲ್ಲಿ ನೋಡಿದರೆ, ಅವರು ಆಕೆಯ ಟವೆಲಿನ ಚೀಲವನ್ನು ಹೆಗಲಿಗೇರಿಸಿಕೊಂಡು ರಸ್ತೆ ದಾಟುತ್ತಿದ್ದರು. ಒಂದು ಕಾಲುಚೀಲ ಹಿಮ್ಮಡಿಗೆ ಜಾರಿದ್ದರೂ ಅವರಿಗೆ ಗೊತ್ತಿದ್ದಂತಿರಲಿಲ್ಲ.