ಜೀಪಿನ ಮಾಡಿಗೆ ಒಂಬತ್ತು ತೂತು

ಅಂಕೋಲೆಯಿಂದ ನಾನು ಕಲಿಸುವ ಸುಂಕಸಾಳದ ಶಾಲೆಗೆ ದಿನಾ ಬಸ್ಸು ಕಾದು ಸಾಕಾಗಿ, ಕಳೆದ ವರ್ಷ ರಾಮನಗುಳಿಯವರೊಬ್ಬರಿಂದ ಹಳೆಯ ಜೀಪೊಂದನ್ನು ಕೊಂಡೆ. ಎಂಜಿನ್ ಗಟ್ಟಿಯಿತ್ತು, ಬ್ರೇಕೂ ಚೆನ್ನಾಗಿತ್ತು. ಆದರೆ ಹಳೆಯ ಮಾಲೀಕರು ತಗಡಿನ ಮಾಡಿನ ಮೇಲೆ ಕಬ್ಬಿಣದ ಪಟ್ಟಿ ಬಿಗಿಸಿ ನಾಲ್ಕು ದೊಡ್ಡ ದೀಪ ಹಾಕಿಸಿದ್ದರು. ಒಂದು ಸಂಜೆ ಅವನ್ನು ಹೊತ್ತಿಸಿಕೊಂಡು ಬರುವಾಗ ಎದುರಿನ ಲಾರಿಯವನು ಗಾಡಿ ನಿಲ್ಲಿಸಿ, "ಅಕ್ಕಾ, ಕಣ್ಣೇ ಕಾಣ್ತಿಲ್ಲ. ಅದೊಂದು ತೆಗೆಸಿಬಿಡಿ" ಎಂದು ಕೈಮುಗಿದ. ನನಗೆ ನಾಚಿಕೆಯಾಯಿತು. ಆ ವಾರವೇ ಗ್ಯಾರೇಜಿಗೆ ಹೋಗಿ ದೀಪ, ಪಟ್ಟಿ ಎರಡನ್ನೂ ಬಿಚ್ಚಿಸಿದೆ. ಬೋಲ್ಟುಗಳಿದ್ದಲ್ಲಿ ಎಂಟು ತೂತು ಉಳಿದವು. ಗ್ಯಾರೇಜಿನವನು ಮೇಲೆ ಟೇಪು ಅಂಟಿಸಿ ಕೊಟ್ಟ. ಆಗಿನ್ನೂ ಬೇಸಿಗೆ, ನಾನು ಅದನ್ನು ಮರೆತೇಬಿಟ್ಟೆ.

ಮಳೆಗಾಲ ಶುರುವಾದ ವಾರ ಅಮ್ಮನನ್ನು, ನಮ್ಮ ಮಾತಿನಲ್ಲಿ ಆಯಿಯನ್ನು, ಕಣ್ಣು ತೋರಿಸಲು ಕಾರವಾರಕ್ಕೆ ಕರೆದುಕೊಂಡು ಹೊರಟೆ. ಅವರ್ಸಾ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಬಿಸಿಲಿಗೆ ಸುರುಟಿದ್ದ ಟೇಪು ಒಂದೊಂದಾಗಿ ಬಿಟ್ಟುಕೊಂಡಿತು. ಮೊದಲು ನನ್ನ ಹೆಗಲ ಮೇಲೆ ಎರಡು ಹನಿ ಬಿತ್ತು, ಆಮೇಲೆ ಆಯಿಯ ನೆತ್ತಿಯ ಮೇಲೆ ಸಣ್ಣ ಧಾರೆಯೇ ಇಳಿಯಿತು. ಅವಳು ಚೀಲದಿಂದ ಕೊಡೆ ತೆಗೆದು ಜೀಪಿನೊಳಗೇ ಬಿಚ್ಚಿದಳು.

"ನಡ್ಕಂಡು ಬಂದಿದ್ರೆ ಇದಕ್ಕಿಂತ ಕಡ್ಮೆ ಒದ್ದೆ ಆಗ್ತಿದ್ದೆ" ಎಂದಳು.

ಕಣ್ಣಿನ ಡಾಕ್ಟರು ನೋಡಿ, ಆಪರೇಶನ್ ಏನೂ ಬೇಡ, ಕನ್ನಡಕದ ನಂಬರು ಬದಲಿಸಿದರೆ ಸಾಕು ಎಂದರು. ಆಯಿ ಪರೀಕ್ಷೆ ಪಾಸಾದವಳಂತೆ ಹೊರಗೆ ಬಂದಳು. ಮಳೆ ಬಿಟ್ಟು ಹೊಳವಾಗಿತ್ತು. ಮತ್ತೆ ಸುರಿಯುವುದರೊಳಗೆ ಏನಾದರೂ ಮಾಡಬೇಕೆಂದು ಜೀಪನ್ನು ಬಿಣಗಾದಲ್ಲಿ ಮಾವನ ಮನೆಯ ಮುಂದೆ ನಿಲ್ಲಿಸಿದೆ. ಮಾವನೆಂದರೆ ಆಯಿಯ ಅಣ್ಣ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು. ಪೈಪು, ವಾಲ್ವು ಎಲ್ಲಿ ಸೋರಿದರೂ ಹಿಂದೆ ಅವನನ್ನೇ ಕರೆಯುತ್ತಿದ್ದರಂತೆ.

ಅವನು ಸ್ಟೂಲು ಹತ್ತಿ ಮಾಡನ್ನು ನೋಡಿದ. ಉಳಿದಿದ್ದ ಟೇಪನ್ನು ಉಗುರಿನಿಂದ ಎಬ್ಬಿಸಿ, "ಇದೆಂತ ಕೆಲ್ಸವೇ? ಗಾಯಕ್ಕೆ ಪಟ್ಟಿ ಹಾಕ್ದಾಂಗೆ ಮಾಡಿದ್ದಾನೆ. ಬದಿಗೆಲ್ಲ ತುಕ್ಕು ಹತ್ತಿದೆ ನೋಡು" ಎಂದ. ಮುಖ ಮಾತ್ರ ಹಬ್ಬದ ದಿನದಂತೆ ಅರಳಿತ್ತು. ಒಳಗಿನಿಂದ ತನ್ನ ಹಳೆಯ ತಗಡಿನ ಪೆಟ್ಟಿಗೆ ಹೊತ್ತು ತಂದ.

ಪ್ರತಿ ತೂತಿನ ಅಂಚನ್ನೂ ಪಾಲಿಶ್ ಕಾಗದದಿಂದ ತಿಕ್ಕಿ ತುಕ್ಕು ತೆಗೆದೆವು. ಥಿನ್ನರ್ ಬಟ್ಟೆಯಿಂದ ಒರೆಸಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿದೆವು. ಅದು ಒಣಗುವವರೆಗೆ ಮುಟ್ಟಕೂಡದೆಂದು ಮಾವ ತಾಕೀತು ಮಾಡಿದ. ಅಷ್ಟರಲ್ಲಿ ಅತ್ತೆ ಬಂಗಡೆ ಸಾರು, ಅನ್ನ ಬಡಿಸಿದಳು. ಊಟದ ಮಧ್ಯೆ ಮಾವ ಎರಡು ಸಲ ಎದ್ದು ಹೋಗಿ ಬಣ್ಣ ಒಣಗಿತೇ ಎಂದು ನೋಡಿ ಬಂದ. ಆಮೇಲೆ ಪ್ರತಿ ತೂತಿಗೂ ನೀರು ತಡೆಯುವ ಸೀಲಂಟ್ ಅಂಟು ಹಚ್ಚಿ, ಮೇಲೂ ಕೆಳಗೂ ರಬ್ಬರ್ ವಾಷರ್ ಕೊಟ್ಟು ಗಿಡ್ಡ ಬೋಲ್ಟು ಬಿಗಿದ. ನಾನು ಒಳಗಿನಿಂದ ಪಾನದಲ್ಲಿ ನಟ್ಟು ಹಿಡಿದುಕೊಂಡಿದ್ದೆ.

ಒಂದು ತಾಸು ಬಿಟ್ಟು ಆಯಿಯನ್ನು ಒಳಗೆ ಕೂರಿಸಿ ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟೆವು.

"ಎಂತಾರೂ ಬಂತೇ ತಂಗಿ?"

"ಮಂಡಿ ಮೇಲೆ ಒಂದು ಹನಿ ಬಿತ್ತು."

ಎಂಟೂ ತೂತು ನೋಡಿದೆವು, ಎಲ್ಲವೂ ಒಣಗಿದ್ದವು. ಮಾವ ಸ್ವಲ್ಪ ಯೋಚಿಸಿ, ಕಿಟಕಿ-ಗಾಜಿಗೆಲ್ಲ ಕಂಬಳಿ ಮುಚ್ಚಿ ಒಳಗೆ ಕತ್ತಲು ಮಾಡಿದ. ಹೊರಗಿನಿಂದ ಟಾರ್ಚು ಹಿಡಿದು ಮಾಡಿನ ಅಂಚಿಗುಂಟ ನಿಧಾನವಾಗಿ ಸರಿಸುತ್ತ ಹೋದ. ಕಂಬಳಿಯೊಳಗಿಂದ ಆಯಿಯ ದನಿ ಬಂತು: "ನಿಲ್ಸು ಅಣ್ಣ. ಹಿಂದೆ ಬಾ. ಹಾಂ, ಅಲ್ಲೇ. ಸಾಸಿವೆಯಷ್ಟು ಬೆಳಕು ಕಾಣ್ತದೆ."

ಅದು ಆ ದೀಪಗಳ ವಯರು ಒಳಗೆ ಇಳಿಸಲು ಮೂಲೆಯಲ್ಲಿ ಕೊರೆದಿದ್ದ ಒಂಬತ್ತನೆಯ ತೂತು. ಯಾರೋ ಅದಕ್ಕೆ ಮೇಣ ಮೆತ್ತಿದ್ದರು, ಒಂದು ಬದಿ ಬಿರುಕು ಬಿಟ್ಟಿತ್ತು. ನಮ್ಮಿಬ್ಬರಿಗೂ ಕಾಣದ್ದನ್ನು ತಾನು ಹಳೆಯ ಕನ್ನಡಕದಲ್ಲೇ ಹಿಡಿದೆನೆಂದು ಆಯಿ ಜೀಪಿನಿಂದ ಇಳಿಯುವ ಮೊದಲೇ ಮೂರು ಸಲ ಹೇಳಿದಳು.

ಆ ತೂತಿಗೆ ಬಿರಡೆ ಮಾಡಲೆಂದು ಮಾವ ಹಳೆಯ ಹವಾಯಿ ಚಪ್ಪಲಿಗೆ ಕತ್ತರಿ ಹಾಕಹೊರಟ.

"ನನ್ನ ತಲೆ ಮೇಲೆ ಚಪ್ಪಲಿ ಇಡ್ತ್ಯಾ ಅಣ್ಣ?"

"ಚೂರು ರಬ್ಬರ್ ಅಲ್ಲವೇ ಮಾರಾಯ್ತಿ."

"ಚೂರಾದ್ರೂ ಚಪ್ಪಲಿಯೇ."

ಮಾವ ಚಪ್ಪಲಿ ಬಿಟ್ಟು ನಗಲು ಶುರು ಮಾಡಿದ. ನಗುತ್ತ ಸ್ಟೂಲಿನ ಮೇಲೇ ಕೂತುಬಿಟ್ಟ. ಅವನನ್ನು ನೋಡಿ ಆಯಿಗೂ ನಗು ತಡೆಯಲಾಗಲಿಲ್ಲ. ಎಪ್ಪತ್ತರ ಹತ್ತಿರದ ಇಬ್ಬರು ಸೆರಗು, ಪಂಚೆಯಲ್ಲಿ ಕಣ್ಣೊರೆಸಿಕೊಂಡು ನಗುವುದನ್ನು ನಾನು ಪಾನ ಹಿಡಿದು ನೋಡುತ್ತ ನಿಂತೆ. ಇವರು ಮಕ್ಕಳಾಗಿದ್ದಾಗ ಹೀಗೇ ಇದ್ದಿರಬೇಕು ಅನ್ನಿಸಿತು. ಕೊನೆಗೆ ಅತ್ತೆ ಖಾಲಿ ಔಷಧದ ಬಾಟಲಿಯ ರಬ್ಬರ್ ಮುಚ್ಚಳ ಹುಡುಕಿ ಕೊಟ್ಟಳು. ಅಳತೆ ಮಾಡಿಸಿದಂತೆ ಕೂತಿತು. ಮತ್ತೆ ನೀರು ಬಿಟ್ಟೆವು. ಒಂದು ಹನಿಯೂ ಇಳಿಯಲಿಲ್ಲ.

ಹೊರಡುವಾಗ ಅತ್ತೆ, "ಇವತ್ತೊಂದಿನ ಇರು" ಎಂದು ಆಯಿಯ ಕೈ ಹಿಡಿದಳು. ಎಮ್ಮೆ, ಗದ್ದೆ ಎಂದು ಆಯಿ ಅಣ್ಣನ ಮನೆಯಲ್ಲಿ ಉಳಿದು ಎಷ್ಟೋ ವರ್ಷಗಳಾಗಿದ್ದವು. ಅವಳು ನನ್ನ ಮುಖ ನೋಡಿದಳು. "ಎಮ್ಮೆ ನಾನು ನೋಡ್ಕಣ್ತೆ" ಎಂದೆ.

ಒಂದು ದಿನಕ್ಕೆಂದು ಉಳಿದವಳು ಬಂದದ್ದು ಐದನೆಯ ದಿನ. ಬಿಣಗಾದ ಬಸ್ಸಿನಿಂದ ಇಳಿಯುತ್ತಲೇ, ಜೀಪು ತಂದು ಕಾದಿದ್ದ ನನಗೆ, ಅಣ್ಣ ಈಗ ನೆರೆಮನೆಯವರ ರಿಕ್ಷಾದ ಮಾಡು ಸೋರುತ್ತದೆಂದು ಅದನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದಾನೆ ಎಂದು ಹೇಳಲು ಶುರುಮಾಡಿದಳು. ಮನೆ ತಲುಪುವವರೆಗೂ ಅದೇ ಮಾತು.