ಕಸಬ್ಲಾಂಕಾಕ್ಕೆ ಒಯ್ದ ಹಸಿರು ಬಳೆ

ಕುಂದಾಪುರ ಪೇಟೆಯ ಬಳೆ ಅಂಗಡಿಯವರೆಗೆ ಹೋಗುವುದು, ಹೆಂಗಸರ ಗುಂಪು ಕಂಡು ಬಸ್ಸಿಗೆ ಕಾಯುವವನ ಹಾಗೆ ಅತ್ತ ತಿರುಗಿ ನಿಲ್ಲುವುದು, ಮತ್ತೆ ಮನೆಗೆ ಬರುವುದು. ರಜೆಯಲ್ಲಿ ಊರಿಗೆ ಬಂದ ನನಗೆ ಅದೇ ಕೆಲಸವಾಗಿತ್ತು. ಸರಕು ಹಡಗಿನಲ್ಲಿ ಖಲಾಸಿಯಾಗಿ ಊರೂರು ಸುತ್ತಿದವನಿಗೆ ಒಂದು ಡಜನ್ ಗಾಜಿನ ಬಳೆ ಕೇಳಲು ಬಾಯಿ ಬರಲಿಲ್ಲ. ನಾಚಿಕೆಯಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಹೆದರಿಕೆ ಬೇರೆಯೇ ಇತ್ತು.

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ನಮ್ಮ ಹಡಗು ಮೊರಾಕೊ ದೇಶದ ಕಸಬ್ಲಾಂಕಾ ಬಂದರಿನಲ್ಲಿ ರಿಪೇರಿಗೆ ನಿಂತಿತ್ತು. ಅಲ್ಲಿ ನನ್ನ ಕಾಲು ಕಬ್ಬಿಣದ ಹಗ್ಗಕ್ಕೆ ಸಿಕ್ಕಿ ಸೀಳಿಹೋಯಿತು. ಬಂದರಿನಲ್ಲಿ ಕೂಲಿಗಿದ್ದ ನನ್ನದೇ ಪ್ರಾಯದ ಒಬ್ಬ ತನ್ನ ಮನೆಗೆ ಕರೆದುಕೊಂಡು ಹೋದ. ಅವನಿಗೂ ನನಗೂ ನಡುವೆ ಇದ್ದದ್ದು ಹಡಗಿನವರ ಹರಕುಮುರುಕು ಇಂಗ್ಲಿಷ್. ಅವನ ತಾಯಿಗೆ ಅದೂ ಇಲ್ಲ. ಆದರೂ ದಿನಾ ನನ್ನ ಗಾಯ ತೊಳೆದು, ಎಣ್ಣೆ ಹಚ್ಚಿ, ಹಬೆಯಲ್ಲಿ ಬೇಯಿಸಿದ ರವೆಯಂಥ ಊಟ ಬಡಿಸಿ, ಸಾಕು ಎಂದರೆ ಕೇಳದವರ ಹಾಗೆ ಮತ್ತೆ ಬಡಿಸಿದವರು ಅವರೇ. ನಿಮ್ಮ ಕಡೆ ಹೆಂಗಸರು ಕೈಗೆ ಏನು ಹಾಕಿಕೊಳ್ಳುತ್ತಾರೆ ಎಂದು ಒಮ್ಮೆ ಮಗನ ಮೂಲಕ ಕೇಳಿಸಿದರು. ಗಾಜಿನ ಬಳೆ ಎಂದೆ. ಗಾಜು ತೊಟ್ಟು ಕೆಲಸ ಮಾಡುತ್ತಾರೆಯೇ ಎಂದು ಅವರು ನಂಬಲೇ ಇಲ್ಲ. ಮುಂದಿನ ಸಲ ತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಡುವಾಗ ಹೊಳೆಯದ ಸಂಗತಿ ಊರಿಗೆ ಬಂದ ಮೇಲೆ ಹೊಳೆಯಿತು. ಆಕೆಯ ಗಂಡ ಫ್ರೆಂಚರ ಸೈನ್ಯದಲ್ಲಿ ಯುದ್ಧಕ್ಕೆ ಹೋದವರು ಆಗಿನ್ನೂ ತಿರುಗಿ ಬಂದಿರಲಿಲ್ಲ. ಸುದ್ದಿಯೂ ಇರಲಿಲ್ಲ. ಬಂದಿದ್ದರೆ ಬಳೆಯಷ್ಟು ಒಳ್ಳೆಯ ಉಡುಗೊರೆ ಇನ್ನೊಂದಿಲ್ಲ. ಬಾರದೇ ಹೋಗಿದ್ದರೆ?

ನನ್ನನ್ನು ಹೆತ್ತ ಅಬ್ಬಿಯ ಕೈ ಬೋಳಾಗಿ ಆಗಲೇ ಬಹಳ ವರ್ಷ. ಅಪ್ಪಯ್ಯ ಮರವಂತೆಯ ಕಡಲಿಗೆ ಹೋಗಿ ತಿರುಗಿ ಬರಲಿಲ್ಲ. ಅದು ತಿಳಿಯದೆ ಬೊಂಬಾಯಿಯಿಂದ ಬಂದ ನೆಂಟರೊಬ್ಬರು ಬಿಜೂರಿನ ಮದುವೆ ಮನೆಯಲ್ಲಿ ಎಲ್ಲರೆದುರು ಅಬ್ಬಿಯ ಕೈಗೂ ಬಳೆಯ ಕಟ್ಟು ಕೊಟ್ಟಿದ್ದರು. ತಿರುಗಿ ಕೊಡಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಅಬ್ಬಿ ನಿಂತದ್ದನ್ನು ನಾನೇ ಕಂಡಿದ್ದೆ. ಅಂದು ಊಟಕ್ಕೂ ಕೂರದೆ ಮನೆಗೆ ಬಂದಿದ್ದೆವು.

ಅಬ್ಬಿಗೆ ಹೇಳಿದರೆ ಬಳೆ ಬೇಡ ಅನ್ನಬಹುದು, ನನಗೂ ಬಿಡುಗಡೆಯಾಗಬಹುದು ಎಂದುಕೊಂಡೆ. ತೆಂಗಿನಕಾಯಿ ದಾರಿಯಲ್ಲೇ ಕೊಳೆಯುತ್ತದೆ, ಎಲೆ ಅಡಿಕೆ ಅವರು ತಿನ್ನುವುದಿಲ್ಲ, ಗೇರುಬೀಜ, ಏಲಕ್ಕಿ ಒಯ್ದರೆ ಸಾಲದೇ ಎಂದು ಪೀಠಿಕೆ ಹಾಕಿ, ಕೊಟ್ಟ ಮಾತನ್ನೂ ಬಾರದ ಗಂಡನ ಸಂಗತಿಯನ್ನೂ ಹೇಳಿದೆ. ಅವಲಕ್ಕಿ ಕೇರುತ್ತಿದ್ದ ಅಬ್ಬಿ ಮೊರ ಕೆಳಗಿಟ್ಟಳು.

"ಕೊಡ್ತೆ ಅಂದವ ಕೊಡ್ಕ್. ಆರೆ ಅದ್ರ ಗಂಡ ಇದ್ನೋ ಇಲ್ಯೋ ತಿಳ್ಕಣ್ದೆ ಬಳಿ ಹೊರ್ಗ್ ತೆಗಿಬೇಡ ಮಗಾ. ಆ ಸಂಕಟ ನಂಗ್ ಗೊತ್ತಿತ್ತ್."

ಕೊನೆಗೆ ಹಸಿರು ಬಳೆ ಕೊಂಡೆ. ಹಸಿರೆಂದರೆ ಸಾಬರಿಗೂ ಆಗುತ್ತದೆ ಎಂದು ಅಂಗಡಿಯವ ಧೈರ್ಯ ಹೇಳಿದ. ಅಬ್ಬಿ ಅವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಉಮಿ ತುಂಬಿದ ಡಬ್ಬದಲ್ಲಿ ಹುಗಿದಳು. ಸುತ್ತುವಾಗಲೂ ಬರಿಗೈಯಿಂದ ಮುಟ್ಟಲಿಲ್ಲ, ಬಟ್ಟೆ ಹಿಡಿದೇ ಸುತ್ತಿದಳು. ಬ್ರಹ್ಮಾವರ ದಾಟಿ ಮಂಗಳೂರು ಮುಟ್ಟುವವರೆಗೆ, ಹೊಳೆ ಬಂದಲ್ಲೆಲ್ಲ ದೋಣಿ ಹತ್ತಿ ಇಳಿಯುವಾಗ, ಮುಂದೆ ಬೊಂಬಾಯಿಯಿಂದ ಹಡಗಿನಲ್ಲಿ, ಆ ಡಬ್ಬ ನನ್ನ ನಿದ್ದೆ ತಿಂದಿತು. ಒಡೆದರೆ ಅಪಶಕುನ, ಒಡೆಯದಿದ್ದರೆ ಕೊಡಬೇಕಲ್ಲ ಎಂಬ ಚಿಂತೆ.

ನಾನೊಂದು ಉಪಾಯ ಮಾಡಿಕೊಂಡಿದ್ದೆ. ಬಾಯಿಬಿಟ್ಟು ಕೇಳುವುದು ಬೇಡ, ಆಕೆಯನ್ನು ನೋಡಿದರೆ ಸಾಕು. ಉಡುಗೆ ಮತ್ತು ಕೈ ಕಂಡರೆ ಗಂಡ ಇದ್ದಾನೋ ಇಲ್ಲವೋ ನಮ್ಮೂರಿನ ಯಾರಿಗೂ ತಿಳಿಯುತ್ತದೆ.

ಕಸಬ್ಲಾಂಕಾದ ಆ ಓಣಿಯಲ್ಲಿ ಬಾಗಿಲು ತಟ್ಟಿದೆ. ಬಾಗಿಲು ತೆರೆದವರು ಆಕೆಯೇ. ಹೂವಿನ ಚಿತ್ತಾರದ ನಿಲುವಂಗಿ, ಎರಡೂ ಕೈಯಲ್ಲಿ ಬೆಳ್ಳಿಯ ಕಡಗ. ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಕೂತವನೇ ಗೇರುಬೀಜದ ಜೊತೆಗೆ ಬಳೆಯ ಗಂಟನ್ನೂ ಬಲಗೈಯಲ್ಲಿ ಎತ್ತಿ ಕೊಟ್ಟೆ. ಅವರು ಬಿಚ್ಚಿಯೂ ನೋಡದೆ ಒಳಗಿಟ್ಟು ಬಂದರು. ಮತ್ತೆ ನನಗೆ ಚಡಪಡಿಕೆ. ಬಂದವರ ಎದುರು ಉಡುಗೊರೆ ಬಿಚ್ಚುವ ರೂಢಿ ತಮ್ಮಲ್ಲಿಲ್ಲ ಎಂದು ಮಗ ಸಮಾಧಾನ ಹೇಳಿದ.

ಪುದೀನದ ಚಹಾ ತರುವಾಗ ಅವರ ಕೈ ಘಲ್ಲೆಂದಿತು. ಬೆಳ್ಳಿ ಕಡಗದ ಹಿಂದೆ ಹಸಿರು ಬಳೆ. ಅವರು ಕೈ ಅಲ್ಲಾಡಿಸಿ, ಸದ್ದು ಕೇಳಿ ನಕ್ಕರು. ನಾನೂ ಖುಷಿಯಲ್ಲಿ, ಅಪ್ಪ ಯುದ್ಧದಿಂದ ಯಾವಾಗ ಬಂದರು ಎಂದು ಮಗನನ್ನು ಕೇಳಿಬಿಟ್ಟೆ.

ಬರಲಿಲ್ಲ ಎಂದ. ಇಟಲಿಯಲ್ಲೇ ಸತ್ತರು, ಹೋದ ವರ್ಷ ಸುದ್ದಿ ಬಂತು ಎಂದ. ನನ್ನ ಮುಖ ನೋಡಿ ಗಾಬರಿಯಾದ. ಅಮ್ಮ ನಾಲ್ಕು ತಿಂಗಳು ಹತ್ತು ದಿನ ಬಿಳಿ ಉಟ್ಟು ದುಃಖದಲ್ಲಿದ್ದರು, ನಮ್ಮಲ್ಲಿ ಅಷ್ಟೇ, ಆಮೇಲೆ ಎಲ್ಲರಂತೆ ಉಡುತ್ತಾರೆ ಎಂದು ವಿವರಿಸಿದ.

ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತೆ. ಬಿಜೂರಿನ ಮದುವೆ ಮನೆಯ ನೆಂಟ ಈಗ ನಾನೇ ಆಗಿದ್ದೆ. ತಪ್ಪಾಯಿತು, ನಮ್ಮಲ್ಲಿ ಗಂಡ ತೀರಿಕೊಂಡವರಿಗೆ ಬಳೆ ಕೊಡುವುದಿಲ್ಲ, ಅವರು ತೊಡುವುದೂ ಇಲ್ಲ, ಅಮ್ಮನಿಗೆ ಹೇಳು ಎಂದು ಅವನ ಕೈ ಹಿಡಿದುಕೊಂಡೆ. ಅವನು ಹೇಳಿದ. ಅವರು ತಮ್ಮ ಕೈಯ ಬಳೆಗಳನ್ನು ನೋಡಿಕೊಂಡರು. ಆಮೇಲೆ ಏನೋ ಕೇಳಿದರು.

ನಿನ್ನ ಅಪ್ಪ ಇದ್ದಾರೆಯೇ ಎಂದು ಕೇಳುತ್ತಿದ್ದಾರೆ ಎಂದ ಮಗ. ಕಡಲಲ್ಲಿ ಹೋದರು ಎಂದೆ.

ಅವರು ಎಡಗೈಯ ಬಳೆಗಳನ್ನು ಒಂದೊಂದಾಗಿ ಬಿಚ್ಚಿದರು. ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳು ಮಡಚಿದರು. ನಿನ್ನ ತಾಯಿಗೆ ಎಂದರಂತೆ. ಬಲಗೈಯವನ್ನು ತೆಗೆಯಲಿಲ್ಲ.

ಅವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡೆ. ತಿರುಗಿ ಬರುವ ದಾರಿಯಲ್ಲಿ ಕಡಲಿಗೆ ಎಸೆದುಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಆಗಲಿಲ್ಲ. ಮನೆಗೆ ಬಂದವನು ನಡೆದದ್ದನ್ನೆಲ್ಲ ಹೇಳಿ, ಗಂಟನ್ನು ಅಬ್ಬಿಯ ಮುಂದೆ ನೆಲದ ಮೇಲಿಟ್ಟು, ಬೈಗುಳಕ್ಕೆ ಕಾಯುತ್ತ ಕೂತೆ. ಅಬ್ಬಿ ಗಂಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ಸದ್ದಿಲ್ಲ. ಅಳುತ್ತಿದ್ದಾಳೋ, ನನ್ನ ಮುಖ ನೋಡುವುದೇ ಬೇಡವಾಯಿತೋ ಎಂದು ನಾನು ಹೊರಗೆ ಒದ್ದಾಡಿದೆ.

ಬಾಗಿಲು ತೆರೆದಾಗ ಅವಳ ಕೈ ಬೋಳಾಗಿಯೇ ಇತ್ತು. ಬೆರಳ ಗೆಣ್ಣು ಮಾತ್ರ ಕೆಂಪಾಗಿತ್ತು, ಸಾಬೂನಿನ ನೊರೆ ಇನ್ನೂ ಆರಿರಲಿಲ್ಲ.

"ನನ್ ಕೈಗ್ ಹೋತಿಲ್ಲೆ ಮಗಾ," ಎಂದಳು. "ಅದ್ರ ಕೈ ಸಣ್ಣದ್ ಕಾಂತ್."