ಗಾಜಮ್ಮ ಮನೆಗೆ ತಂದ ತಟ್ಟೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗಾಜಮ್ಮ ಎನ್ನುತ್ತಿದ್ದರು. ಸೀಸೆ, ಬೀಕರು, ಕೊಳವೆಗಳನ್ನು ತೊಳೆದು ಒಣಗಿಸುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಹಿಡಿದ ಆ ಕೆಲಸದಲ್ಲೇ ಮಗನನ್ನು ಓದಿಸಿ, ಮದುವೆ ಮಾಡಿ, ಈಗ ಮೊಮ್ಮಗಳನ್ನೂ ಎತ್ತಿ ಆಡಿಸುತ್ತಿದ್ದಳು. ಒಂದು ಸೀಸೆ ಒಡೆದರೂ ಸಾವಿನ ಮನೆಯ ಮುಖ ಮಾಡಿಕೊಂಡು ಕೂರುವಳೆಂದು ಅಲ್ಲಿನವರು ನಗೆಯಾಡುತ್ತಿದ್ದರು.

ಹೊಸದಾಗಿ ಬಂದ ಮೇಡಂ ಒಂದು ಬೆಳಿಗ್ಗೆ ಕೆಲಸದವರನ್ನೆಲ್ಲ ಕರೆದು, ಗುಲಾಬಿ ಬಣ್ಣದ ನೀರಿದ್ದ ದಪ್ಪ ಪ್ಲಾಸ್ಟಿಕ್ ತಟ್ಟೆಯೊಂದನ್ನು ತೋರಿಸಿದರು.

"ಇದು ಎಥಿಡಿಯಂ ಬ್ರೋಮೈಡ್. ಡಿಎನ್‌ಎ ಕಣ್ಣಿಗೆ ಕಾಣೋ ಹಾಗೆ ಮಾಡೋ ಬಣ್ಣ. ಡಿಎನ್‌ಎ ಒಂದು ಏಣಿ ಅಂದ್ಕೊಳ್ಳಿ, ಇದು ಹೋಗಿ ಅದರ ಮೆಟ್ಟಿಲುಗಳ ಸಂದಿಯಲ್ಲಿ ಕೂತ್ಕೊಳ್ಳುತ್ತೆ. ಆಗ ಜೀವಕೋಶದ ಲೆಕ್ಕ ತಪ್ಪಿ ಕ್ಯಾನ್ಸರ್ ಬರಬಹುದು ಅನ್ನೋ ಭಯ ಇದೆ. ಈ ತಟ್ಟೆ ಯಾರೂ ಬರಿಗೈಲಿ ಮುಟ್ಟಬೇಡಿ."

ಗಾಜಮ್ಮ ಆ ತಟ್ಟೆಯನ್ನೇ ದಿಟ್ಟಿಸಿದಳು. ಅಂಥದೇ ತಟ್ಟೆ, ಮೂಲೆ ಸೀಳಿದ್ದು, ಕಸದ ಡಬ್ಬಿಯ ಪಕ್ಕ ಬಿದ್ದಿತ್ತೆಂದು ಅವಳು ಮನೆಗೆ ಒಯ್ದಿದ್ದಳು. ಸೋಪು ಹಾಕಿ ಉಜ್ಜಿ ಮೊಮ್ಮಗಳಿಗೆ ಕೊಟ್ಟಿದ್ದಳು. ಪುಟ್ಟಿ ಅದರಲ್ಲಿ ಗೊಂಬೆಗೆ ಸ್ನಾನ ಮಾಡಿಸುತ್ತಿದ್ದಳು. ಒಮ್ಮೊಮ್ಮೆ ಸೊಸೆ ಅದರಲ್ಲೇ ಹಣ್ಣು ಹೆಚ್ಚಿ ಕೊಡುತ್ತಿದ್ದಳು.

ಬಾಯಿಬಿಟ್ಟರೆ ಕಳ್ಳಿ ಎನ್ನುತ್ತಾರೆ. ಬಿಡದಿದ್ದರೆ ಮಗುವಿನ ಗತಿ ಏನು? ತಲೆನೋವೆಂದು ಹೇಳಿ ಮನೆಗೆ ಓಡಿದಳು. ಪುಟ್ಟಿಯ ಮುಂದಿದ್ದ ತಟ್ಟೆಯನ್ನು ಕಿತ್ತುಕೊಂಡಳು, ಮಗು ಕಿಟಾರನೆ ಕಿರುಚಿತು. ತುಟಿಯ ಪಕ್ಕ ಕೆಂಪಗೊಂದು ಗುಳ್ಳೆ ಕಂಡು ಗಾಜಮ್ಮ ಸೆರಗಿನಿಂದ ಅದನ್ನು ಒರೆಸತೊಡಗಿದಳು.

"ಅದು ಸೊಳ್ಳೆ ಕಚ್ಚಿದ್ದು, ಅತ್ತೆ," ಎಂದಳು ಸೊಸೆ. "ನಿಮಗೇನಾಯ್ತು?"

ಹೆದರಿದವಳಿಗೆ ಹಗ್ಗವೆಲ್ಲ ಹಾವು. ಗಾಜಮ್ಮ ಅಳುತ್ತ ಎಲ್ಲ ಹೇಳಿದಳು. ಸೊಸೆ ಮಗುವನ್ನು ಸೆಳೆದು ಅಪ್ಪಿಕೊಂಡಳು.

"ನನ್ನ ಕೈಯಾರೆ ಅದ್ರಲ್ಲಿ ತಿನ್ನಿಸಿದೀನಲ್ಲ, ಅತ್ತೆ! ಮಗೂಗೆ ಏನಾದ್ರೂ ಆದ್ರೆ ನಾನು ನಿಮ್ಮನ್ನ ಜನ್ಮದಲ್ಲಿ ಕ್ಷಮಿಸಲ್ಲ."

ಮಾರನೆಯ ಬೆಳಿಗ್ಗೆ ಇಬ್ಬರೂ ಮಗುವನ್ನು ಎತ್ತಿಕೊಂಡು, ತಟ್ಟೆಯನ್ನೂ ತಂದು ಮೇಡಂ ಮುಂದೆ ನಿಂತರು. ನಡೆದದ್ದೆಲ್ಲ ಕೇಳಿ ಮೇಡಂ ಬೈಯಲಿಲ್ಲ. ಎಲ್ಲರಿಗೂ ಕನ್ನಡಕ ಹಾಕಿಸಿ, ಕತ್ತಲೆ ಕೋಣೆಗೆ ಕರೆದೊಯ್ದು, ಆ ಬಣ್ಣ ಎಲ್ಲಿದ್ದರೂ ಕಿತ್ತಳೆಯಾಗಿ ಹೊಳೆಯಿಸುವ ನೇರಳೆ ದೀಪವನ್ನು ತಟ್ಟೆಯ ಮೇಲೆ ಹಿಡಿದರು. ಸೀಳಿದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಗೆರೆಯೊಂದು ಕೆಂಡದಂತೆ ಹೊಳೆಯಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ದೀಪ ಮಗುವಿನ ಕಡೆ ತಿರುಗಿತು. ಪುಟ್ಟಿಯ ಬಿಳಿ ಫ್ರಾಕು ಭಗ್ಗನೆ ನೀಲಿಯಾಗಿ ಉರಿಯಿತು.

"ಅಯ್ಯೋ, ಮೈಯೆಲ್ಲಾ ಹರಡಿದೆ!" ಗಾಜಮ್ಮ ಚೀರಿದಳು.

"ಇಲ್ಲಮ್ಮ, ಇಲ್ಲ! ಅದು ಬಟ್ಟೆ ಸೋಪಿನ ಹೊಳಪು. ಕೈ ನೋಡಿ, ಬಾಯಿ ನೋಡಿ. ಎಲ್ಲೂ ಕಿತ್ತಳೆ ಇಲ್ಲ."

ಗಾಜಮ್ಮ ನಿಟ್ಟುಸಿರು ಬಿಟ್ಟು ಮಗುವಿನ ತಲೆ ಸವರಲು ಕೈ ಚಾಚಿದಳು. ಬರಿಗೈಲಿ ತಟ್ಟೆ ತೊಳೆದ ಅವಳ ಉಗುರುಗಳ ಸಂದಿಯಲ್ಲಿ ಕಿತ್ತಳೆ ಚುಕ್ಕೆಗಳು ಮಿನುಗಿದವು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಮಗು ಮಾತ್ರ "ಅಜ್ಜಿ, ಇನ್ನೊಂದ್ಸಲ ತೋರ್ಸು!" ಎಂದು ಕೇಕೆ ಹಾಕಿತು.

"ಏನಾಗುತ್ತೆ, ಮೇಡಂ?" ಎಂದಳು ಗಾಜಮ್ಮ.

"ಸುಳ್ಳು ಹೇಳಲ್ಲಮ್ಮ. ಬ್ಯಾಕ್ಟೀರಿಯಾಗಳಲ್ಲಿ ಕೆಡುಕು ಕಂಡಿದೆ. ಮನುಷ್ಯರಿಗೆ ಆಗಿದೆ ಅಂತ ಯಾರೂ ಸಾಬೀತು ಮಾಡಿಲ್ಲ. ಏನೂ ಆಗದೇ ಇರೋದೇ ಹೆಚ್ಚು. ಆದ್ರೆ ಖಂಡಿತ ಆಗಲ್ಲ ಅಂತ ನಾನು ಮಾತು ಕೊಡಲಾರೆ."

ಅಂದಿನಿಂದ ತೊಳೆಯುವ ಕೋಣೆಗೆ ಗಟ್ಟಿ ಕೈಗವಸುಗಳು ಬಂದವು. ಬಣ್ಣದ ತಟ್ಟೆಗಳು ಅಲ್ಲಿಗೆ ಬರುವುದು ನಿಂತಿತು. ಗಾಜಮ್ಮ ಕೆಲಸ ಬಿಡಲಿಲ್ಲ. ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ, ಗುಂಡುಕಲ್ಲಿನ ಹಾಗಿದ್ದಾಳೆ. ಆದರೂ ಅವಳ ಮೈ ಕೊಂಚ ಬಿಸಿಯಾದರೆ ಸಾಕು, ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಸೊಸೆಯೇ, "ಬರೀ ನೆಗಡಿ, ಅತ್ತೆ, ನೀವು ಹೋಗಿ ಮಲ್ಕೊಳ್ಳಿ," ಎನ್ನುತ್ತಾಳೆ. ಇಬ್ಬರೂ ಮಲಗುವುದಿಲ್ಲ.